ತೂಕ ಇಳಿಸುವ ಇಂಜೆಕ್ಷನ್ ನಿಲ್ಲಿಸುವ ಮುಂಚೆ ಇಷ್ಟು ನೋಡಿಕೊಳ್ಳಿ ಸರ್

ನಮಸ್ಕಾರ ಸರ್. ಮೌಂಜಾರೊ ತೆಗೆದುಕೊಂಡು 104 ಕೆಜಿಯಿಂದ 86ಕ್ಕೆ ಇಳಿದಿದ್ದೀರಿ. ಖರ್ಚು ಕೈ ಕಚ್ಚುತ್ತಿದೆ, ಮುಂದಿನ ತಿಂಗಳಿಂದ ಇಂಜೆಕ್ಷನ್ ಬಿಟ್ಟು ಸೈಕಲ್ ಜಾಸ್ತಿ ತುಳಿದರೆ ಸಾಕಾ ಅಂತ ಕೇಳಿದ್ದೀರಿ. ಶುಗರ್, ಬಿಪಿ ಎರಡೂ ಇದೆ ಅಂತಲೂ ಬರೆದಿದ್ದೀರಿ. ಅದಕ್ಕೆ ನಮ್ಮ ಗುಂಪಿನಲ್ಲಿ ಒಬ್ಬರು ‘ಏನೂ ಆಗಲ್ಲ, ಬಿಟ್ಟುಬಿಡಿ’ ಅಂದರು. ಇನ್ನೊಬ್ಬರು ‘ಅದು ಚಟ ಹಿಡಿಸುವ ಔಷಧಿ, ಬಿಟ್ಟರೆ ಕೈಕಾಲು ನಡುಗುತ್ತೆ’ ಅಂದರು. ಎರಡೂ ಸರಿಯಲ್ಲ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಈ ಇಂಜೆಕ್ಷನ್ ಪೆನ್ನುಗಳನ್ನು ದಿನಾ ಕೊಡುವ ಕೆಲಸ ನನ್ನದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಚಟದ ಮಾತು. ಹೆಂಡ ಬಿಟ್ಟವರಿಗೆ, ನಿದ್ದೆ ಮಾತ್ರೆ ಬಿಟ್ಟವರಿಗೆ ಆಗುವಂಥ ನಡುಕ, ಫಿಟ್ಸ್ ಇದರಲ್ಲಿ ಇಲ್ಲ. ಔಷಧಿ ಅದುಮಿಟ್ಟಿದ್ದು ವಾಪಸ್ ಬರುತ್ತದೆ, ತೊಂದರೆ ಇರುವುದು ಅಲ್ಲಿ. ಹಸಿವು ಬರುತ್ತದೆ, ಶುಗರ್ ಏರುತ್ತದೆ, ಬಿಪಿ ಏರುತ್ತದೆ.

ಅದೂ ತಕ್ಷಣ ಬರುವುದಿಲ್ಲ. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ದಿನ ಬೇಕು. ಪೂರ್ತಿ ಖಾಲಿಯಾಗಲು ಹತ್ತಿರ ಹತ್ತಿರ ಒಂದು ತಿಂಗಳು. ಇಂಥದ್ದೇ ಇನ್ನೊಂದು ಇಂಜೆಕ್ಷನ್ ವೆಗೋವಿ, ಅದರಲ್ಲಿರುವ ಸೆಮಾಗ್ಲುಟೈಡ್ ಆದರೆ ಐದು ವಾರದವರೆಗೂ ಉಳಿಯುತ್ತದೆ. ಹಾಗಾಗಿ ಮೊದಲ ಎರಡು ವಾರ ‘ನೋಡಿ, ಏನೂ ಆಗಲಿಲ್ಲ’ ಅನ್ನಿಸುತ್ತದೆ. ಆ ಧೈರ್ಯದ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ಮೂರನೇ ನಾಲ್ಕನೇ ವಾರದಲ್ಲಿ ರೈಡ್ ಮುಗಿಸಿ ಹೋಟೆಲಿನಲ್ಲಿ ಕೂತಾಗ ಗೊತ್ತಾಗುತ್ತದೆ. ಒಂದು ದೋಸೆಗೇ ಸಾಕು ಅನ್ನುತ್ತಿದ್ದವರು ಎರಡನೆಯದನ್ನು ಮುಗಿಸಿ ವಡೆ ಹೇಳಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ಚಕ್ಕುಲಿ ಡಬ್ಬದ ನೆನಪಾಗುತ್ತದೆ. ಇದಕ್ಕೆ ಮನಸ್ಸು ಗಟ್ಟಿ ಇಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಕಳೆದುಕೊಂಡ ತೂಕವನ್ನು ದೇಹ ವಾಪಸ್ ಕೇಳುತ್ತಿರುತ್ತದೆ, ತಡೆಯುತ್ತಿದ್ದ ಔಷಧಿ ಈಗ ಇಲ್ಲ, ಅಷ್ಟೇ.

ಎಷ್ಟು ತೂಕ ವಾಪಸ್ ಬರುತ್ತದೆ? ಇದೇ ಔಷಧಿಯ ಮೇಲೆ ಸರ್ಮೌಂಟ್-4 ಅನ್ನುವ ಅಧ್ಯಯನ ನಡೆದಿದೆ. ಶುಗರ್ ಇಲ್ಲದವರ ಮೇಲೆ ಮಾಡಿದ್ದು, ಆದರೂ ಅಂದಾಜು ಸಿಗುತ್ತದೆ. ಶುರುವಿನಲ್ಲಿ 100 ಕೆಜಿ ಇದ್ದವರು ಅಂತ ಇಟ್ಟುಕೊಳ್ಳಿ. ಸರಾಸರಿ ಲೆಕ್ಕದಲ್ಲಿ 36 ವಾರಕ್ಕೆ 79 ಕೆಜಿಗೆ ಬಂದರು. ಆಮೇಲೆ ಔಷಧಿ ನಿಲ್ಲಿಸಿದವರು ಒಂದು ವರ್ಷದಲ್ಲಿ 90ಕ್ಕೆ ಏರಿದರು. ಮುಂದುವರಿಸಿದವರು 75ಕ್ಕೆ ಇಳಿದರು. ಸೆಮಾಗ್ಲುಟೈಡ್‌ನಲ್ಲೂ ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸ್ ಬಂತು. ಬಿಪಿ, ಶುಗರಿನಲ್ಲಿ ಕಂಡಿದ್ದ ಸುಧಾರಣೆಯೂ ಬಹುಮಟ್ಟಿಗೆ ಹಿಂದಕ್ಕೆ ಹೋಯಿತು.

ಈಗ ನನಗೆ ನಿಜವಾಗಿ ಭಯ ಇರುವ ವಿಷಯಕ್ಕೆ ಬರುತ್ತೇನೆ. ಇಂಜೆಕ್ಷನ್ ಶುರು ಮಾಡಿದಾಗ ಡಾಕ್ಟರ್ ನಿಮ್ಮ ಶುಗರ್ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ನಿಲ್ಲಿಸಿ ಮೆಟ್‌ಫಾರ್ಮಿನ್ ಮಾತ್ರ ಉಳಿಸಿದರು, ಬಿಪಿ ಮಾತ್ರೆ ಅರ್ಧ ಮಾಡಿದರು ಅಂತ ಬರೆದಿದ್ದೀರಿ. ಇಂಜೆಕ್ಷನ್ ಇದ್ದದ್ದಕ್ಕೆ ಮಾಡಿದ ಲೆಕ್ಕ ಅದು. ಇಂಜೆಕ್ಷನ್ ಹೋದರೆ ಆ ಲೆಕ್ಕವೂ ಹೋಯಿತು, ಶುಗರ್ ಏರುತ್ತದೆ. ಆಗ ಎಷ್ಟೋ ಜನ ಬೀರುವಿನಲ್ಲಿ ಉಳಿದಿದ್ದ ಹಳೇ ಗ್ಲಿಮೆಪಿರೈಡ್ ಸ್ಟ್ರಿಪ್ ತೆಗೆದು, ಹಳೇ ಡೋಸ್‌ನಲ್ಲೇ ತಾವೇ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ತಿಂದಿದ್ದೀರೋ ಇಲ್ಲವೋ ಆ ಮಾತ್ರೆ ನೋಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಈಗ ನಿಮ್ಮ ತೂಕವೂ ಕಮ್ಮಿ. ಅದರ ಮೇಲೆ ಬೆಳಗಿನ ಜಾವ ಬರೀ ಕಾಫಿ ಕುಡಿದು ಮೂರು ಗಂಟೆ ಸೈಕಲ್ ತುಳಿದರೆ ಶುಗರ್ ಧಡ್ ಅಂತ ಬೀಳಬಹುದು. ನಂದಿ ಬೆಟ್ಟದ ಇಳಿಜಾರಿನಲ್ಲಿ ಬೆವರು ಕಿತ್ತುಕೊಂಡು, ಕೈ ನಡುಗಿ, ಕಣ್ಣು ಮಂಜಾದರೆ ಬ್ರೇಕ್ ಹಿಡಿಯುವುದೂ ಕಷ್ಟ. ಡಾಕ್ಟರೇ ಆ ಮಾತ್ರೆ ಮತ್ತೆ ಬರೆದರೆ ‘ವಾರಕ್ಕೆ ಇಷ್ಟು ದೂರ ಸೈಕಲ್ ಹೊಡೆಯುತ್ತೇನೆ’ ಅಂತ ಬಾಯಿಬಿಟ್ಟು ಹೇಳಿ. ಜೆರ್ಸಿ ಜೇಬಿನಲ್ಲಿ ಗ್ಲುಕೋಸ್ ಪುಡಿ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು.

ನಿಲ್ಲಿಸುವ ಮುಂಚಿನ ವಾರದಿಂದಲೇ ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್, ಬಿಪಿ, ತೂಕ ಮೂರನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಎರಡು ಮೂರು ತಿಂಗಳು ಬಿಡದೆ ಬರೆಯಿರಿ. ಶುಗರ್ ವಾರ ವಾರ ಮೇಲೇರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. 300 ದಾಟಿ, ಬಾಯಿ ಒಣಗಿ, ಪದೇ ಪದೇ ಮೂತ್ರಕ್ಕೆ ಹೋಗುವಂತಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಅಪಾಯ, ನಿಲ್ಲಿಸಿದವರು ಮತ್ತೆ ಶುರು ಮಾಡುವಾಗ ಆಗುವುದು. ಎರಡು ತಿಂಗಳು ಬಿಟ್ಟಿರುತ್ತಾರೆ, ತೂಕ ಏರಿದ್ದು ನೋಡಿ ಗಾಬರಿಯಾಗಿ ಫ್ರಿಜ್‌ನಲ್ಲಿ ಉಳಿದಿದ್ದ 10 ಮಿಲಿಗ್ರಾಂ ಪೆನ್ನನ್ನೇ ಚುಚ್ಚಿಕೊಳ್ಳುತ್ತಾರೆ. ಮೊದಲು 2.5ರಿಂದ ಶುರು ಮಾಡಿ, ನಾಲ್ಕು ನಾಲ್ಕು ವಾರಕ್ಕೊಮ್ಮೆ ಏರಿಸಿದ್ದು ಯಾಕೆ? ಹೊಟ್ಟೆ ಹೊಂದಿಕೊಳ್ಳಲಿ ಅಂತ. ಬಿಡುವಿನಲ್ಲಿ ಆ ಹೊಂದಾಣಿಕೆ ಹೋಗಿರುತ್ತದೆ. ಒಮ್ಮೆಗೇ ದೊಡ್ಡ ಡೋಸ್ ಹಾಕಿದರೆ ವಾಂತಿ ನಿಲ್ಲದೆ, ನೀರು ಕಮ್ಮಿಯಾಗಿ ಕಿಡ್ನಿಗೆ ಪೆಟ್ಟು ಬೀಳಬಹುದು. ಒಂದು ವಾರ ತಪ್ಪಿದ್ದು ಬೇರೆ, ಹಲವು ವಾರ ತಪ್ಪಿದ್ದು ಬೇರೆ. ಯಾವ ಡೋಸ್‌ನಿಂದ ಶುರು ಅನ್ನುವುದನ್ನು ಡಾಕ್ಟರ್ ಹೇಳಬೇಕು.

ಸೈಕಲ್ ಸಾಕಾ ಅಂದಿರಲ್ಲ, ಒಂದೇ ಸಾಲದು, ಆದರೆ ದೊಡ್ಡ ಸಹಾಯ. ಡೆನ್ಮಾರ್ಕ್‌ನಲ್ಲಿ ಲಿರಾಗ್ಲುಟೈಡ್ ಅನ್ನುವ ಇಂಥದ್ದೇ ಔಷಧಿ ಕೊಟ್ಟು ನೋಡಿದಾಗ, ಔಷಧಿಯ ಜೊತೆಗೆ ನಿಯಮಿತ ವ್ಯಾಯಾಮ ಮಾಡಿದವರು ನಿಲ್ಲಿಸಿದ ಮೇಲೂ ತೂಕ ಚೆನ್ನಾಗಿ ಹಿಡಿದಿಟ್ಟುಕೊಂಡರು. ಬರೀ ಔಷಧಿ ನೆಚ್ಚಿಕೊಂಡವರಿಗೆ ಜಾಸ್ತಿ ವಾಪಸ್ ಬಂತು. ಆದ್ದರಿಂದ ನಿಲ್ಲಿಸಿದ ಮೇಲಲ್ಲ, ಈಗಲೇ ಶುರು ಮಾಡಿ. ಸೈಕಲ್ ಜೊತೆಗೆ ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮವೂ ಬೇಕು. ಇಳಿದ ತೂಕದಲ್ಲಿ ಮಾಂಸಖಂಡವೂ ಹೋಗಿರುತ್ತದೆ, ವಾಪಸ್ ಬರುವಾಗ ಮಾತ್ರ ಜಾಸ್ತಿ ಕೊಬ್ಬೇ ಬರುತ್ತದೆ. ಊಟದಲ್ಲಿ ಮೊಟ್ಟೆ, ಮೊಳಕೆ ಕಾಳು, ಮೀನು, ಪನೀರ್, ನಿಮಗೆ ಯಾವುದು ಒಗ್ಗುತ್ತೋ ಅದು ಮೂರು ಹೊತ್ತೂ ಇರಲಿ.

ಖರ್ಚೇ ಕಾರಣವಾದರೆ ಅದನ್ನೇ ಡಾಕ್ಟರ್ ಹತ್ತಿರ ಹೇಳಿ, ನಾಚಿಕೆ ಬೇಡ. ಡೋಸ್ ಇಳಿಸಿ ಮುಂದುವರಿಸಬಹುದಾ, ಬೇರೆ ಔಷಧಿಗೆ ಬದಲಾಯಿಸಬಹುದಾ ಕೇಳಿ. ಸೆಮಾಗ್ಲುಟೈಡ್ ಪೇಟೆಂಟ್ ಅವಧಿ ನಮ್ಮಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ಅದರಲ್ಲಿ ಅಗ್ಗದ ಆಯ್ಕೆ ಇದೆಯಾ ಅಂತಲೂ ವಿಚಾರಿಸಿ. ಹಣ ಉಳಿಸಲು ನಿಮ್ಮಷ್ಟಕ್ಕೆ ನೀವೇ ವಾರಕ್ಕೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಚುಚ್ಚಿಕೊಳ್ಳುವುದು ಮಾತ್ರ ಬೇಡ.

ಮಗು ಮಾಡಿಕೊಳ್ಳಬೇಕು, ಇಂಜೆಕ್ಷನ್ ಯಾವಾಗ ಬಿಡಲಿ ಅಂತ ಮೇಡಂ ಒಬ್ಬರು ಕೇಳಿದ್ದಾರೆ. ನಿಮ್ಮ ವಿಷಯದಲ್ಲಿ ನಿಲ್ಲಿಸಲೇಬೇಕು ಮೇಡಂ. ಸೆಮಾಗ್ಲುಟೈಡ್ ಆದರೆ ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳು ಮುಂಚೆ, ಟಿರ್ಜೆಪಟೈಡ್ ಆದರೆ ಕನಿಷ್ಠ ಒಂದು ತಿಂಗಳು ಮುಂಚೆ. ನಿಮಗೂ ಶುಗರ್ ಇದ್ದರೆ, ಆ ಬಿಡುವಿನಲ್ಲಿ ಅದನ್ನು ಯಾವ ಔಷಧಿಯಿಂದ ಹಿಡಿಯಬೇಕು ಅನ್ನುವುದನ್ನು ನಿಲ್ಲಿಸುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿಕೊಳ್ಳಿ.