ಒಂಬತ್ತು ವರ್ಷದ ಕಪ್ಪು ಕಾರಿಗೆ ಹೊಸ ಪೇಂಟ್ ಬೇಕಾ, ಡೀಟೇಲಿಂಗ್ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಕಾರಿಗೆ 9 ವರ್ಷ, ಬಣ್ಣ ಕಪ್ಪು. ಬಾನೆಟ್ಟು, ರೂಫು ಮಂಕಾಗಿವೆ. ಬಿಸಿಲಿಗೆ ನಿಲ್ಲಿಸಿದರೆ ಮೈತುಂಬಾ ಜೇಡರ ಬಲೆಯ ಹಾಗೆ ಸಣ್ಣ ಗೀರುಗಳು ಕಾಣುತ್ತವೆ. ಹೆಡ್‌ಲೈಟ್ ಹಳದಿ ಆಗಿದೆ. ಒಳಗೆ ಸೀಟಿನ ಬಟ್ಟೆಯಲ್ಲಿ ಕಲೆ, ಏಸಿ ಹಾಕಿದರೆ ಮುಗ್ಗಲು ವಾಸನೆ. ಪೂರ್ತಿ ಪೇಂಟ್ ಮಾಡಿಸಬೇಕಾ, ಡೀಟೇಲಿಂಗ್ (ಅಂದರೆ ಒಳಗೂ ಹೊರಗೂ ಕೂಲಂಕಷವಾಗಿ ಶುಚಿ ಮಾಡಿ ಪಾಲಿಶ್ ಹಾಕುವುದು) ಸಾಕಾ, ಇದರಲ್ಲಿ ಎಷ್ಟನ್ನು ನಾನೇ ಮಾಡಬಹುದು?

ನಾನು 11 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನೀವು ಹೇಳಿದ್ದನ್ನು ನೋಡಿದರೆ ಪೂರ್ತಿ ಪೇಂಟ್ ಬೇಕಾಗುವ ಹಾಗೆ ಕಾಣುವುದಿಲ್ಲ. ಆದರೆ ಪಾಲಿಶ್ ಮುಟ್ಟುವ ಮುಂಚೆ ಒಂದು ವಿಷಯ ತಲೆಯಲ್ಲಿ ಕೂರಬೇಕು.

ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಕಂಪನಿಯಿಂದ ಬಂದ ಪೇಂಟ್ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಅಷ್ಟೇ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಹೊಳಪು ಬರುವುದು, ಬಿಸಿಲನ್ನು ತಡೆಯುವುದು, ಎರಡೂ ಕೂದಲಿಗಿಂತ ತೆಳುವಾದ ಈ ಪದರದಿಂದ. ಪಾಲಿಶ್ ಮಾಡುವುದು ಅಂದರೆ ಇದನ್ನೇ ಸವೆಸುವುದು. ಗೀರನ್ನು ಯಾರೂ ತುಂಬುವುದಿಲ್ಲ, ಗೀರಿನ ಅಕ್ಕಪಕ್ಕವನ್ನು ತಗ್ಗಿಸಿ ಸಮ ಮಾಡುತ್ತಾರೆ. ಒಮ್ಮೆ ಸವೆದದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಕಡಿಮೆ ಸವೆಸಿ ಸಾಕಷ್ಟು ಹೊಳಪು ತರುವವನನ್ನೇ ನಾನು ಒಳ್ಳೆಯ ಡೀಟೇಲರ್ ಅಂತ ಕರೆಯುತ್ತೇನೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬರ ಕಡುನೀಲಿ ಕಾರಿನ ಬಾನೆಟ್ ಮೇಲೆ ರೋಟರಿ ಮಷಿನ್, ಅಂದರೆ ಪ್ಯಾಡ್ ತಿರುಗಿಸಿ ಪಾಲಿಶ್ ಮಾಡುವ ಮಷಿನ್, ಓಡಿಸುತ್ತಿದ್ದೆ. ಒಂದು ಗೀರು ಹೋಗುತ್ತಿರಲಿಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಅಂತ ಅಲ್ಲೇ ಉಜ್ಜಿದೆ. ಬಾನೆಟ್ ಮಡಿಕೆಯ ಅಂಚಿನಲ್ಲಿ ಬೆರಳಗಲ ಬೂದು ಬಣ್ಣ ಕಾಣಿಸಿತು. ಅದು ಪ್ರೈಮರ್. ಕಾರಿನವರು ತಮ್ಮ ತಂದೆಯ ನೆನಪಿಗೆ ಇಟ್ಟುಕೊಂಡಿದ್ದ ಗಾಡಿ ಅದು. ಬಾನೆಟ್ ಪೇಂಟ್ ಖರ್ಚನ್ನು ನಾನೇ ಕೊಟ್ಟೆ. ಆದರೆ ಕಂಪನಿಯ ಮೂಲ ಪೇಂಟನ್ನು ವಾಪಸ್ ಕೊಡಲು ಆಗಲಿಲ್ಲ. ಅಂಚುಗಳಲ್ಲಿ ಪೇಂಟ್ ಯಾವಾಗಲೂ ತೆಳುವಾಗಿ ಕೂತಿರುತ್ತದೆ, ಪ್ಯಾಡಿನ ಒತ್ತಡವೂ ಅಲ್ಲೇ ಜಾಸ್ತಿ ಬೀಳುತ್ತದೆ. ಅವತ್ತಿನಿಂದ ಅಂಚಿಗೆಲ್ಲ ಟೇಪ್ ಹಚ್ಚದೆ ಮಷಿನ್ ಸ್ವಿಚ್ ಒತ್ತಿಲ್ಲ.

ಈಗ ನಿಮ್ಮ ಕಾರು. ಮಂಕಾದ ಜಾಗಕ್ಕೆ ಸ್ವಲ್ಪ ನೀರು ಹಾಕಿ ನೋಡಿ. ಒದ್ದೆ ಇರುವಷ್ಟು ಹೊತ್ತು ಕಪ್ಪು ಸಮವಾಗಿ, ಆಳವಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ ಅದು ಒಳ್ಳೆಯ ಲಕ್ಷಣ. ಮೇಲ್ಮೈ ಒರಟಾಗಿದೆ ಅಷ್ಟೇ, ಪಾಲಿಶ್‌ಗೆ ಬಗ್ಗುತ್ತದೆ. ಆಮೇಲೆ ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದನ್ನು ಪೂರ್ತಿ ತೆಗೆಯುವ ಹಟ ಬೇಡ, ಅಂಚು ಮೃದುವಾಗಿ ಕಣ್ಣಿಗೆ ಹೊಡೆಯದ ಹಾಗಾದರೆ ಸಾಕು. ಕೊನೆಗೆ ರೂಫ್, ಬಾನೆಟ್, ಡಿಕ್ಕಿ ಬಾಗಿಲನ್ನು ಹತ್ತಿರದಿಂದ ನೋಡಿ. ಬಿಸಿಲಿಗೆ ಚರ್ಮ ಸುಲಿದ ಹಾಗೆ ಬೆಳ್ಳಗೆ ಪೊರೆ ಎದ್ದಿದೆಯಾ? ಎದ್ದಿದ್ದರೆ ಅಲ್ಲಿ ಕ್ಲಿಯರ್ ಕೋಟ್ ಸತ್ತಿದೆ. ಯಾವ ಪಾಲಿಶ್, ಯಾವ ಕೋಟಿಂಗ್ ಹಾಕಿದರೂ ಅದು ಬದುಕುವುದಿಲ್ಲ. ಆ ಪ್ಯಾನಲ್ಲಿಗೆ ಮಾತ್ರ ಪೇಂಟ್ ಮಾಡಿಸಿ, ಉಳಿದದ್ದನ್ನು ಮುಟ್ಟಿಸಬೇಡಿ.

ಪೇಂಟಿನ ದಪ್ಪ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಡೀಟೇಲಿಂಗ್ ಮಾಡುವವರ ಹತ್ತಿರ ಇರಲೇಬೇಕು. ಎಲ್ಲ ಕಡೆ 120 ತೋರಿಸಿ ಒಂದು ಬಾಗಿಲಲ್ಲಿ ಮಾತ್ರ 300 ತೋರಿಸಿದರೆ ಆ ಬಾಗಿಲಿಗೆ ಯಾವಾಗಲೋ ಮತ್ತೆ ಪೇಂಟ್ ಆಗಿದೆ ಅಂತ ಅರ್ಥ. ಒಂದು ಕಡೆ 80 ಬಂದರೆ ಅಲ್ಲಿ ಹಿಂದೆ ಯಾರೋ ಚೆನ್ನಾಗಿ ಸವೆಸಿರಬಹುದು, ಮಷಿನ್ ದೂರ ಇಡುವುದೇ ಒಳ್ಳೆಯದು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಸಾಮಾನ್ಯ ಮೀಟರ್ ಅಲ್ಲಿ ಕೆಲಸ ಮಾಡುವುದಿಲ್ಲ.

ಜೇಡರ ಬಲೆಯಂಥ ಗೀರುಗಳಿಗೆ ನಾವು ಸ್ವರ್ಲ್ ಮಾರ್ಕ್ ಅನ್ನುತ್ತೇವೆ. ಇದನ್ನು ಹೇಳಲು ಬೇಸರ, ಆದರೂ ಹೇಳಬೇಕು: ಅವು ಬಹುತೇಕ ಒರೆಸುವ ಬಟ್ಟೆಯಿಂದಲೇ ಬಂದವು. ಬೆಳಿಗ್ಗೆ ಒಣ ಬಟ್ಟೆ ತಗೊಂಡು ಧೂಳು ಒರೆಸುತ್ತೇವಲ್ಲ, ಆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಬಟ್ಟೆ ಅದನ್ನು ಪೇಂಟ್ ಮೇಲೆ ಎಳೆದಾಡುತ್ತದೆ. ಪ್ರೀತಿಯಿಂದ ದಿನಾ ಒರೆಸಿದ ಕಾರಿನಲ್ಲೇ ಸ್ವರ್ಲ್ ಜಾಸ್ತಿ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ದಯವಿಟ್ಟು ಇವತ್ತಿನಿಂದಲೇ ಒಣ ಒರೆಸುವುದನ್ನು ನಿಲ್ಲಿಸಿ.

ತೊಳೆಯುವುದನ್ನು ನೀವೇ ಮಾಡಿ. ನೆರಳಲ್ಲಿ, ತಗಡು ತಣ್ಣಗಿರುವಾಗ. ಮೊದಲು ಬರೀ ನೀರು ಹೊಡೆದು ಸಡಿಲ ಮಣ್ಣೆಲ್ಲ ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸ್ ಶಾಂಪೂಗೆ ಅದ್ದಿ ಒಂದು ಪ್ಯಾನಲ್ ತೊಳೆಯಿರಿ, ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಪಾತ್ರೆ ತೊಳೆಯುವ ಸೋಪು ಬೇಡ, ಅದು ಪೇಂಟ್ ಮೇಲಿನ ವ್ಯಾಕ್ಸನ್ನೂ ಎತ್ತಿಬಿಡುತ್ತದೆ.

ತೊಳೆದು ಒಣಗಿಸಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣ್ಣಗೆ ಅನ್ನಿಸಿದ್ದು ಈಗ ರವೆ ಉದುರಿದ ಹಾಗೆ ತರಿತರಿ ಅನ್ನಿಸುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಟಾರು, ಮರದ ಅಂಟು ಎಲ್ಲ ಕಚ್ಚಿಕೊಂಡಿರುತ್ತವೆ. ಕಬ್ಬಿಣಕ್ಕೆ ಐರನ್ ರಿಮೂವರ್ ಸಿಂಪಡಿಸಿದರೆ ನೇರಳೆ ಬಣ್ಣವಾಗಿ ಹರಿದು ಇಳಿಯುತ್ತದೆ. ವಾಸನೆ ಕೆಟ್ಟದಾಗಿರುತ್ತದೆ, ಗ್ಲೌಸ್ ಹಾಕಿಕೊಳ್ಳಿ, ಒಣಗಲು ಬಿಡದೆ ನೀರು ಹೊಡೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್. ಅದು ನಾದಿದ ಜೇಡಿಮಣ್ಣಿನ ಹಾಗಿರುತ್ತದೆ. ಕ್ಲೇ ಜಾರಲು ಅಂತಲೇ ಇರುವ ಲೂಬ್ರಿಕೆಂಟ್ ದ್ರವ ಧಾರಾಳವಾಗಿ ಸಿಂಪಡಿಸಿ, ಒತ್ತದೆ ಜಾರಿಸಿ. ಕೈತಪ್ಪಿ ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆಯಿರಿ, ತೊಳೆದರೂ ಅದರಲ್ಲಿ ಸೇರಿದ ಮರಳು ಬಿಡುವುದಿಲ್ಲ. ಬರೀ ಇಷ್ಟು ಮಾಡಿದ್ದಕ್ಕೇ ಎಷ್ಟೋ ಕಾರುಗಳ ಮಂಕು ಅರ್ಧ ಇಳಿದದ್ದನ್ನು ಕಂಡಿದ್ದೇನೆ.

ಪಾಲಿಶ್ ಮಾಡುವ ಮಷಿನ್‌ನಲ್ಲಿ ಎರಡು ಬಗೆ. ರೋಟರಿ ಒಂದೇ ಕೇಂದ್ರದ ಸುತ್ತ ಗಿರಗಿರ ತಿರುಗುತ್ತದೆ, ಬೇಗ ಬಿಸಿ ಮಾಡುತ್ತದೆ, ಬೇಗ ಸುಡುತ್ತದೆ. ಅದನ್ನು ಹೊಸಬರು ಮುಟ್ಟಬಾರದು. ಡ್ಯುಯಲ್ ಆಕ್ಷನ್ ಮಷಿನ್ ತಿರುಗುತ್ತಾ ಅಲುಗಾಡುತ್ತದೆ, ಹಾಗಾಗಿ ಒಂದೇ ಜಾಗ ಬಿಸಿಯಾಗುವುದು ಕಡಿಮೆ. ತಾಳ್ಮೆ ಇದ್ದರೆ ಇದನ್ನು ನೀವು ಕಲಿಯಬಹುದು. ಎಲ್ಲಕ್ಕಿಂತ ಮುಖ್ಯ, ಮೊದಲು ಒಂದೂವರೆ ಅಡಿ ಚೌಕದಲ್ಲಿ ಪ್ರಯೋಗ ಮಾಡಿ. ಮೃದು ಪ್ಯಾಡ್, ನಯವಾದ ಪಾಲಿಶ್‌ನಿಂದ ಶುರು ಮಾಡಿ. ಗೀರು ಸಾಕಷ್ಟು ಹೋದರೆ ಇಡೀ ಕಾರಿಗೆ ಅದೇ. ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ, ಅಂದರೆ ಸ್ವಲ್ಪ ಗಟ್ಟಿ ಪ್ಯಾಡ್, ಆಮೇಲೆ ಕಾಂಪೌಂಡ್ ಅನ್ನುವ, ಜಾಸ್ತಿ ಸವೆಸುವ ಒರಟು ಪಾಲಿಶ್. ನೇರವಾಗಿ ಕಾಂಪೌಂಡ್‌ಗೆ ಕೈ ಹಾಕುವುದು ನೆಗಡಿಗೆ ಆಪರೇಷನ್ ಮಾಡಿದ ಹಾಗೆ. ಮೇಲಾಗಿ ಕಪ್ಪು ಬಣ್ಣದ ಮೇಲೆ ಕಾಂಪೌಂಡ್ ತನ್ನದೇ ಒಂದು ಮಬ್ಬು ಬಿಟ್ಟು ಹೋಗುತ್ತದೆ. ಅದನ್ನು ತೆಗೆಯಲು ಹೇಗಿದ್ದರೂ ನಯ ಪಾಲಿಶ್ ಬೇಕೇ ಬೇಕು. ಆಗಾಗ ತಗಡಿನ ಮೇಲೆ ಕೈ ಇಟ್ಟು ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ.

ಪಾಲಿಶ್‌ನಲ್ಲಿರುವ ಎಣ್ಣೆ ಗೀರಿನೊಳಗೆ ಕೂತು ಗೀರೇ ಇಲ್ಲ ಅನ್ನಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿದರೆ ನಿಜ ಬಯಲಾಗುತ್ತದೆ. ಕೆಲಸವನ್ನು ಹೊರಗೆ ಕೊಡುವುದಾದರೆ ಇದೇ ನಿಮ್ಮ ಪರೀಕ್ಷೆ. "ಮೀಟರ್ ಹಿಡಿದು ನೋಡ್ತೀರಾ? ಒಂದು ಚೌಕ ಪಾಲಿಶ್ ಮಾಡಿ, ಆಲ್ಕೋಹಾಲ್‌ನಲ್ಲಿ ಒರೆಸಿ, ಟಾರ್ಚ್ ಹಿಡಿದು ತೋರಿಸ್ತೀರಾ?" ಅಂತ ಕೇಳಿ. ಕೆಲಸ ಗೊತ್ತಿರುವವರು ಖುಷಿಯಿಂದ ತೋರಿಸುತ್ತಾರೆ. ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಹುಡುಕಿ. ಇಲ್ಲದಿದ್ದರೆ ಡೆಲಿವರಿ ದಿನ ಕನ್ನಡಿಯ ಹಾಗಿದ್ದ ಕಾರು ನಾಲ್ಕು ಸಲ ತೊಳೆಯುವಷ್ಟರಲ್ಲಿ ಮತ್ತೆ ಬಲೆ ತೋರಿಸುತ್ತದೆ.

ಕೊನೆಯ ರಕ್ಷಣೆಗೆ ವ್ಯಾಕ್ಸ್ ಆದರೆ ಕೆಲವು ವಾರ, ಸೀಲೆಂಟ್ (ವ್ಯಾಕ್ಸ್ ಹಾಗೆ ಹಚ್ಚುವ ಕೃತಕ ಲೇಪ) ಆದರೆ ಕೆಲವು ತಿಂಗಳು, ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಗಟ್ಟಿಯಾಗಿ ಕೂರುವ ಲೇಪ) ಆದರೆ ಸರಿಯಾಗಿ ಹಾಕಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಸೆರಾಮಿಕ್ ಗೀರನ್ನು ಅಳಿಸುವುದಿಲ್ಲ. ಕೆಳಗೆ ಗೀರಿದ್ದರೆ ಅದನ್ನೂ ಸೇರಿಸಿ ಮುಚ್ಚಿಡುತ್ತದೆ. ಡಬ್ಬದ ಮೇಲೆ ಬರೆದಿರುವ 9ಎಚ್ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ, ಕಲ್ಲು ಬಡಿದರೆ ಪೇಂಟ್ ಆಗಲೂ ಹಾರುತ್ತದೆ. ಕಲ್ಲೇಟಿಗೆ ಬೇಕಾದದ್ದು ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಪೇಂಟ್ ಮೇಲೆ ಅಂಟಿಸುವ ದಪ್ಪನೆಯ ಪಾರದರ್ಶಕ ಹಾಳೆ. 9 ವರ್ಷದ ಕಾರಿಗೆ ನಾನಾದರೆ ಒಳ್ಳೆಯ ಸೀಲೆಂಟ್ ಸಾಕು ಅಂತೀನಿ.

ಹೆಡ್‌ಲೈಟ್ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ರಕ್ಷಣಾ ಪದರ ಬಿಸಿಲಿಗೆ ಹಾಳಾಗಿ ಹಳದಿಯಾಗಿದೆ. ನೀರು ಹಾಕುತ್ತಾ 1000, 2000, 3000 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿದರೆ ತಿಳಿಯಾಗುತ್ತದೆ. ಅಲ್ಲಿಗೆ ಬಿಡಬೇಡಿ. ಮೇಲೆ ಬಿಸಿಲಿನ ಯುವಿ ಕಿರಣ ತಡೆಯುವ ಕೋಟಿಂಗ್ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಇನ್ನು ಒಳಗಿನ ವಾಸನೆ. ಸೆಂಟ್ ಬಾಟಲಿ ಕೊಳ್ಳಬೇಡಿ. ವಾಸನೆ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ಅರ್ಧ ಕೆಲಸ. ಏಸಿ ಹಾಕಿದಾಗ ಮಾತ್ರ ಬರುತ್ತದೆ ಅಂದಿದ್ದೀರಿ, ಹಾಗಾಗಿ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಕಪ್ಪಾಗಿ ಎಲೆಕಸ ತುಂಬಿದ್ದರೆ ಬದಲಾಯಿಸಿ. ಅದರಾಚೆ ತಣ್ಣಗಾಗುವ ಕಾಯಿಲ್ ಇದೆ, ಅದಕ್ಕೆ ಇವಾಪರೇಟರ್ ಅನ್ನುತ್ತಾರೆ. ಏಸಿ ಓಡುವಾಗ ಅದರ ಮೇಲೆ ನೀರು ಕೂರುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಆ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಅದಕ್ಕೆ ಅಂತಲೇ ಫೋಮ್ ಕ್ಲೀನರ್ ಇದೆ. ಇಳಿಯುವ ಮೂರ್ನಾಲ್ಕು ನಿಮಿಷ ಮುಂಚೆ ಏಸಿ ಆಫ್ ಮಾಡಿ ಬರೀ ಫ್ಯಾನ್ ಬಿಟ್ಟರೆ ಕಾಯಿಲ್ ಒಣಗುತ್ತದೆ, ವಾಸನೆ ಮರಳುವುದು ತಡವಾಗುತ್ತದೆ.

ಮ್ಯಾಟ್ ಎತ್ತಿ ಕಾರ್ಪೆಟ್ಟನ್ನು ಒಣ ಟಿಶ್ಯೂವಿನಿಂದ ಗಟ್ಟಿಯಾಗಿ ಒತ್ತಿಯೂ ನೋಡಿ. ಒದ್ದೆಯಾದರೆ ಏಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರಬಹುದು, ಅಥವಾ ವೈಪರ್ ಕೆಳಗೆ ಎಲೆ ತುಂಬಿ ಮಳೆನೀರು ಒಳಗಿಳಿಯುತ್ತಿರಬಹುದು. ಒಂದು ಕಾರಿನ ಸೀಟುಗಳನ್ನು ಎರಡು ಸಲ ತೊಳೆದು ಕೊಟ್ಟಿದ್ದೆ, ಎರಡೂ ಸಲ ವಾಸನೆ ಅಂತ ವಾಪಸ್ ಬಂತು. ಮೂರನೇ ಸಲ ಕಾರ್ಪೆಟ್ ಎತ್ತಿದೆ. ಅಡಿಯ ಸ್ಪಂಜು ಹಿಂಡಿದರೆ ನೀರು ಬರುತ್ತಿತ್ತು. ಮೇಲೆ ಮುಟ್ಟಿದರೆ ಪೂರ್ತಿ ಒಣ.

ಸೀಟಿನ ಬಟ್ಟೆಗೆ ಮೊದಲು ವ್ಯಾಕ್ಯೂಮ್, ಮೂಲೆಮೂಲೆಯನ್ನೂ ಬಿಡಬೇಡಿ. ಧೂಳಿದ್ದಾಗ ನೀರು ಹಾಕಿದರೆ ಅದು ಕೆಸರಾಗಿ ಒಳಗಿಳಿಯುತ್ತದೆ. ಕ್ಲೀನರನ್ನು ತೆಳು ಮಾಡಿಕೊಂಡು, ಕಾಣದ ಜಾಗದಲ್ಲಿ ಪರೀಕ್ಷಿಸಿ, ಮೃದು ಬ್ರಷ್‌ನಿಂದ ತಿಕ್ಕಿ, ಒಣ ಬಟ್ಟೆಯಿಂದ ಒತ್ತಿ ಹೀರಿಸಿ. ನೀರು ಕಡಿಮೆ ಇರಲಿ, ಸೀಟಿನ ಸ್ಪಂಜು ಕುಡಿದರೆ ಒಣಗಲು ದಿನಗಟ್ಟಲೆ ಬೇಕು. ಸೀಟಿನಡಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ನದು, ಅದನ್ನು ಕೀಳಬೇಡಿ, ಒದ್ದೆ ಮಾಡಬೇಡಿ. ರೂಫಿನ ಬಟ್ಟೆ ಗೋಂದಿನಲ್ಲಿ ಅಂಟಿರುತ್ತದೆ, ನೆನೆದರೆ ಜೋತುಬೀಳುತ್ತದೆ. ಸೀಟ್ ಬೆಲ್ಟ್‌ಗೆ ಸೌಮ್ಯ ಸೋಪಿನ ನೀರು ಮಾತ್ರ, ಬ್ಲೀಚ್ ಖಂಡಿತ ಬೇಡ, ಜೀವ ಹಿಡಿಯುವ ದಾರ ಅದು. ಸ್ಟೀರಿಂಗ್‌ಗೂ ಪೆಡಲ್‌ಗೂ ಮಿಂಚು ತರುವ ಡ್ರೆಸ್ಸಿಂಗ್ ದ್ರವ ಹಚ್ಚಬೇಡಿ, ಕೈಕಾಲು ಜಾರುತ್ತದೆ.

ಹಾಗಾಗಿ ನಿಮ್ಮ ಕೆಲಸದ ಕ್ರಮ ಹೀಗಿರಲಿ: ಈ ವಾರ ಫಿಲ್ಟರ್, ಕಾರ್ಪೆಟ್. ಮುಂದಿನ ವಾರ ತೊಳೆಯುವುದು, ಕ್ಲೇ. ಆಮೇಲೆ ರೂಫಿಗೆ ನೀರು ಹಾಕಿ ಒಂದು ಫೋಟೋ, ಒಣಗಿದ ಮೇಲೆ ಅದೇ ಜಾಗದ್ದು ಇನ್ನೊಂದು ಫೋಟೋ ತೆಗೆದು ಇಲ್ಲೇ ಹಾಕಿ. ಪೊರೆ ಎದ್ದಿರುವ ಅನುಮಾನ ಇದ್ದರೆ ಅದರ ಅಂಚನ್ನು ಹತ್ತಿರದಿಂದ ತೆಗೆಯಿರಿ. ಅಲ್ಲಿಯವರೆಗೆ ಯಾರ ಕೈಗೂ ಮಷಿನ್ ಕೊಡಬೇಡಿ.