ಕೇಳಿ, ಹೇಳುತ್ತೇವೆ: ಫೈಲಿನ ಹಾದಿ

ಪ್ರಶ್ನೆ: ಉಡುಪಿಯಲ್ಲಿ ನಮ್ಮ ಪ್ರಿಂಟಿಂಗ್ ಪ್ರೆಸ್ ಇದೆ. ಗಿರಾಕಿಗಳು ಲಗ್ನಪತ್ರಿಕೆಯ ಜಿಪ್ ಫೈಲನ್ನು ನಮ್ಮ ಲಿನಕ್ಸ್ ಸರ್ವರಿಗೆ ಹಾಕುತ್ತಾರೆ. ಹೆಸರಿನಲ್ಲಿ ‘..’ (ಮೇಲಿನ ಫೋಲ್ಡರಿಗೆ ಹೋಗು ಎನ್ನುವ ಗುರುತು) ಇದ್ದರೆ ತೆಗೆದುಕೊಳ್ಳುವುದಿಲ್ಲ. ಒಬ್ಬರ ಫೈಲ್ ಇನ್ನೊಬ್ಬರ ಫೋಲ್ಡರಿಗೆ ಹೋಗದಿರಲು ಅಷ್ಟು ಸಾಕಲ್ವಾ?

ಉತ್ತರ: ಸಾಲದು ಮಾರಾಯ್ರೆ. ಚುಕ್ಕಿಗಿಂತ ಸಿಮ್‌ಲಿಂಕಿನ (ಬೇರೆ ಜಾಗಕ್ಕೆ ಕೈತೋರಿಸುವ ಫೈಲಿನ) ಕಾಟ ಜಾಸ್ತಿ. ಜಿಪ್ ಬಿಚ್ಚಿದಾಗ ‘ಫೋಟೊ’ ಅಂತ ಬಂದು ಕೂತ ಲಿಂಕ್ ಬೇರೆ ಗಿರಾಕಿಯ ಫೋಲ್ಡರಿಗೇ ಹೋಗಬಹುದು. ಹಾದಿ ಕೊನೆಗೆ ಎಲ್ಲಿ ಮುಟ್ಟುತ್ತದೆ ಎಂದು ಹೇಳುವ ರಿಯಲ್‌ಪಾತ್‌ನಿಂದ ಮೊದಲೇ ನೋಡಿಕೊಂಡರೂ, ಫೈಲ್ ತೆರೆಯುವಷ್ಟರಲ್ಲಿ ಯಾರಾದರೂ ಲಿಂಕ್ ಬದಲಿಸಿದರೆ ಮುಗೀತು. 2020ರಲ್ಲಿ ಲಿನಕ್ಸ್ 5.6ರ ಜೊತೆ ಬಂದ ಓಪನ್‌ಆ್ಯಟ್2 (openat2) ಎಂಬ ಫೈಲ್ ತೆರೆಯುವ ಕರೆ ಬಳಸಿ. ಗಿರಾಕಿಯ ಫೋಲ್ಡರಿನ ಡಿಸ್ಕ್ರಿಪ್ಟರ್ (ತೆರೆದ ಫೋಲ್ಡರಿಗೆ ಸಿಸ್ಟಮ್ ಕೊಡುವ ನಂಬರ್) ಕೊಟ್ಟು, ‘ಇದರೊಳಗೇ ಇರು’ ಎನ್ನುವ ರಿಸಾಲ್ವ್_ಬಿನೀತ್ ಎಂಬ ಫ್ಲ್ಯಾಗ್ ಹಾಕಿ. ಆಗ ಹಾದಿ ಹುಡುಕುವಾಗಲೇ ಕರ್ನಲ್ (ಲಿನಕ್ಸಿನ ತಿರುಳು) ಕಾಯುತ್ತದೆ. ಫೋಲ್ಡರ್ ದಾಟಿದರೆ ಇಎಕ್ಸ್‌ಡೆವ್ ಎರರ್. ‘ಇನ್ನೊಮ್ಮೆ ನೋಡಿ’ ಎನ್ನುವ ಇಎಗೇನ್ ಎರರ್ ಬಂದರೆ ಗಾಬರಿ ಬೇಡ, ಮತ್ತೆ ಕರೆಯಿರಿ. ಹಳೇ ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) ಆದರೆ ಸಿಸ್‌ಕಾಲ್ ಮೂಲಕವೇ, ಅಂದರೆ ನೇರ ಕರ್ನಲಿಗೇ, ಕರೆಯಬೇಕು, ಸ್ವಲ್ಪ ರಗಳೆ.