ವ್ಯಾಪಾರ ಡಲ್ ಇರುವಾಗಲೂ ತುಮಕೂರು ಪಾಲಿಕೆ ಆಸ್ತಿ ತೆರಿಗೆ ಯಾಕೆ ಏರಿಸುತ್ತದೆ?

ಪಾಲಿಕೆ ಸುಮ್ನೆ ಏರಿಸುತ್ತಿದೆ ಅನ್ನೋದು ಪೂರ್ತಿ ನಿಜವಲ್ಲ. 2021ರಲ್ಲಿ ರಾಜ್ಯದ ಪಾಲಿಕೆ ಕಾನೂನಿಗೆ ಆದ ತಿದ್ದುಪಡಿಯ ನಂತರ ಆಸ್ತಿ ತೆರಿಗೆ ಪ್ರತಿ ವರ್ಷ ಶೇ 3ರಿಂದ 5ರಷ್ಟು ಏರಲೇಬೇಕು, ಮಾರುಕಟ್ಟೆ ಹೇಗೇ ಇರಲಿ. ಕೇಂದ್ರದ ಹಣ ಹೇಗೆ ಹಂಚಬೇಕು ಅಂತ ಶಿಫಾರಸು ಮಾಡುವ 15ನೇ ಹಣಕಾಸು ಆಯೋಗವೂ ನಗರಗಳ ಅನುದಾನಕ್ಕೆ ತೆರಿಗೆ ವಸೂಲಿ ಹೆಚ್ಚಿಸುವ ಷರತ್ತು ಹಾಕಿತ್ತು.

ಕಷ್ಟಕಾಲದಲ್ಲಿ ಕಟ್ಟಡ ಪರವಾನಗಿ, ಜಾಹೀರಾತಿನ ಆದಾಯ ಮೊದಲು ಕುಸಿಯುತ್ತದೆ. ಖರ್ಚು ಕುಸಿಯುವುದಿಲ್ಲ ಅಲ್ವಾ? ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಪಂಪ್ ಮಾಡುವ ಕರೆಂಟ್ ಬಿಲ್, ಪೌರಕಾರ್ಮಿಕರ ಸಂಬಳ, ಬೀದಿದೀಪ ಎಲ್ಲ ನಡೆಯಲೇಬೇಕು.

ಪಾಲಿಕೆ ಬಜೆಟ್ಟಿನ ಒಟ್ಟು ಮೊತ್ತ ನೋಡಿ ಮರುಳಾಗಬೇಡಿ. ಬಾಕಿ ವಸೂಲಿ ಅಂತ ಎಷ್ಟು ಬರೆದಿದ್ದಾರೆ, ಹಿಂದಿನ ವರ್ಷ ನಿಜಕ್ಕೂ ಎಷ್ಟು ಬಂತು, ಹೋಲಿಸಿ ನೋಡಿ. ಗಾಳಿ ಜಾಸ್ತಿ ತುಂಬಿರುವುದು ಅಲ್ಲೇ.

ಅಂದಹಾಗೆ, ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ.